ಕೊಪಣ–ಅಯ್ಯಾವೊಳೆಗಳ ನಡುವೆ: ವರ್ತಕರ ಸರಕುದಾನದ ಪರಂಪರೆ

ಕುಷ್ಟಗಿ ತಾಲೂಕಿನ ಹನುಮಸಾಗರವು ಎರಡು ಮಹಾಸ್ಥಳಗಳ ನಡುವಣ ನೆಲದಲ್ಲಿದೆ. ದಕ್ಷಿಣಕ್ಕೆ ಕೊಪಣ ಮಹಾತೀರ್ಥ, ಅಂದರೆ ಇಂದಿನ ಕೊಪ್ಪಳ. ವಾಯವ್ಯಕ್ಕೆ ಅಯ್ಯಾವೊಳೆ, ಅಂದರೆ ಐಹೊಳೆ. ಮೊದಲನೆಯದು ತ್ಯಾಗಿಗಳ ಕ್ಷೇತ್ರ. ಶಕ 803ರಲ್ಲಿ, ಎಂದರೆ ಕ್ರಿ.ಶ. 881ರಲ್ಲಿ, ಸರ್ವನಂದಿ ಭಟಾರರು ಅಲ್ಲಿ ನೆಲೆಸಿ, ಧರ್ಮೋಪದೇಶ ಮಾಡಿ, ತಪಸ್ಸನ್ನಾಚರಿಸಿ ಸಮಾಧಿಯನ್ನು ಪಡೆದರೆಂದು ಕೊಪ್ಪಳದ ಶಿಲಾಶಾಸನವು ಸಾರುತ್ತದೆ. ಎರಡನೆಯದು ವರ್ತಕರ ತವರು. 'ಅಯ್ಯಾವೊಳೆ ಐನೂರ್ವರು' ಎಂಬ ಮಹಾಸಂಘಕ್ಕೆ ಹೆಸರು ಬಂದುದು ಈ ಊರಿನಿಂದಲೇ. ಅಲ್ಲಿಯ ಮೇಗುಟಿ ಜಿನಾಲಯವನ್ನು ರವಿಕೀರ್ತಿಯು 634ರಲ್ಲಿ ಕಟ್ಟಿಸಿದನು. ಎಲ್ಲವನ್ನೂ ತೊರೆದವರ ಕ್ಷೇತ್ರಕ್ಕೂ ಎಲ್ಲವನ್ನೂ ಕೂಡಿಸುವವರ ಪಟ್ಟಣಕ್ಕೂ ನಡುವೆ ಇರುವ ಈ ಸೀಮೆಯ ವರ್ತಕ ಶ್ರಾವಕರಿಗೆ, ಅಂಗಡಿಯ ಸರಕು ಪೂರ್ವದಲ್ಲಿ ಬಸದಿಗೂ ದಾನಕ್ಕೂ ಹೇಗೆ ಸಲ್ಲುತ್ತಿತ್ತೆಂಬ ವಿಚಾರವು ಪ್ರತಿಷ್ಠಾ ಮಹೋತ್ಸವದ ಸಂದರ್ಭದಲ್ಲಿ ಸ್ಮರಣಾರ್ಹವಾಗಿದೆ.

ಮಾರಾಟವಾಗದೆ ಉಳಿದುದನ್ನು ಧರ್ಮಕಾರ್ಯಕ್ಕೆ ಕಳುಹಿಸುವುದು ಇಂದಿನ ರೂಢಿ. ಶಾಸನಗಳ ವರ್ತಕರ ರೂಢಿಯೇ ಬೇರೆ. ಹೇರಿಗೆ ಇಷ್ಟು ವೀಳ್ಯದೆಲೆ, ಗಾಣಕ್ಕೆ ಇಷ್ಟು ಸೊಲಗೆ ಎಣ್ಣೆ, ಧಾನ್ಯದ ಅಂಗಡಿಗೆ ಇಷ್ಟು ಮಾನ ಎಂದು ಅವರು ಸಭೆ ಸೇರಿ ಮೊದಲೇ ಗೊತ್ತುಮಾಡಿ ಕಲ್ಲಿನಲ್ಲಿ ಬರೆಸಿದರು. ವ್ಯಾಪಾರದಲ್ಲಿ ಲಾಭವಾದರೂ ಸರಿ, ಆಗದಿದ್ದರೂ ಸರಿ, ಆ ಪಾಲು ಮೊದಲು ಸಲ್ಲತಕ್ಕದ್ದು. ಉಳಿದದ್ದು ವರ್ತಕನದು.

ಇದಕ್ಕೆ ಬೆಳಗಾವಿಯ 1204ರ ಶಾಸನಗಳು ಉತ್ತಮ ನಿದರ್ಶನ. ರಟ್ಟರ ನಾಲ್ವಡಿ ಕಾರ್ತವೀರ್ಯನ ಮಂತ್ರಿ ಬೀಚಣನು ಕಟ್ಟಿಸಿದ ರಟ್ಟ ಜಿನಾಲಯಕ್ಕೆ ಅರಸನು ಭೂಮಿಯನ್ನು ಬಿಟ್ಟನು. ವರ್ತಕ ಸಮೂಹವು ತನ್ನ ತನ್ನ ಸರಕಿನಲ್ಲಿ ಪಾಲು ಬಿಟ್ಟಿತು. ಸ್ಥಳೀಯರಷ್ಟೇ ಅಲ್ಲ, ಲಾಳ ದೇಶದಿಂದಲೂ (ಅದು ಇಂದಿನ ಗುಜರಾತಿನ ಭಾಗ) ಮಲೆಯಾಳದಿಂದಲೂ ಬಂದಿದ್ದ ವ್ಯಾಪಾರಿಗಳೂ ಆ ಒಪ್ಪಂದದಲ್ಲಿ ಸೇರಿದ್ದರು. ಪರಸ್ಥಳದ ವ್ಯಾಪಾರಿಯೂ ತಾನು ಗಳಿಸುವ ಊರಿನ ಧರ್ಮಕ್ಕೆ ಬಾಧ್ಯನೆಂಬ ಭಾವನೆ ಇದರಲ್ಲಿ ಸ್ಪಷ್ಟವಾಗಿದೆ. ಆ ಎರಡು ಶಿಲಾಶಾಸನಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮನ್ನು ಸೇರಿದುದು ಬೇರೆಯೇ ಕಥೆ. ಐನೂರ್ವರು ಜೈನರು ಮಾತ್ರವೇ ಆಗಿರಲಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಆ ಸಂಘವು ಶಿವಾಲಯಗಳಿಗೂ ವಿಷ್ಣ್ವಾಲಯಗಳಿಗೂ ಇದೇ ರೀತಿಯಲ್ಲಿ ದತ್ತಿಗಳನ್ನು ಬಿಟ್ಟಿದೆ.

ಭೂಮಿಯನ್ನೂ ಬಂಗಾರವನ್ನೂ ಕೊಟ್ಟವರು ಬಹುಮಂದಿ. ಮುಳಗುಂದದಲ್ಲಿ ಶಕ 824ರ ಸುಮಾರಿಗೆ ವೈಶ್ಯಕುಲದ ಚಿಕಾರ್ಯನು ಜಿನಾಲಯವನ್ನೇ ಕಟ್ಟಿಸಿದನು. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಇವು ಮಹಾದಾನಗಳು. ಆದರೆ ಗಾಣಿಗನ ಒಂದು ಸೊಲಗೆ ಎಣ್ಣೆಯ ಮಹತ್ವವು ಬೇರೊಂದು ಬಗೆಯದು. ನಂದಾದೀವಿಗೆಗೆ ಎಣ್ಣೆ ನಿತ್ಯವೂ ಬೇಕು; ಆಹಾರದಾನಕ್ಕೆ ಅಕ್ಕಿ ನಿತ್ಯವೂ ಬೇಕು. ವರ್ಷಕ್ಕೊಮ್ಮೆ ಬಂದ ಹತ್ತು ಕೊಡ ಎಣ್ಣೆ ಕಮಟಾಗುತ್ತದೆ, ಸೋರುತ್ತದೆ, ಕೆಲವೊಮ್ಮೆ ದಾರಿ ತಪ್ಪಿ ಬೇರೆಯವರ ಅಡುಗೆಮನೆಗೂ ಹೋಗುತ್ತದೆ. ದಿನದ ಸೊಲಗೆ ದೀಪಕ್ಕೇ ಹೋಗುತ್ತದೆ. ವ್ಯಾಪಾರ ಬಲ್ಲವರು ಮಾಡಿದ ವ್ಯವಸ್ಥೆ ಇದೆಂಬುದು ನೋಡಿದೊಡನೆಯೇ ತಿಳಿಯುತ್ತದೆ.

ಇದರ ಮೂಲವು ಶ್ರಾವಕಾಚಾರದಲ್ಲಿದೆ. ಪಂಚಾಣುವ್ರತಗಳಲ್ಲಿ ಐದನೆಯದು ಪರಿಗ್ರಹ ಪರಿಮಾಣ. ಭೂಮಿ, ಮನೆ, ಧನ, ಧಾನ್ಯಾದಿಗಳಿಗೆ ಗೃಹಸ್ಥನು ತಾನೇ ಮಿತಿಯನ್ನು ಹಾಕಿಕೊಳ್ಳಬೇಕು. ಆದುದರಿಂದ 'ಹೆಚ್ಚಿನದು' ಎಂದರೆ ಗಿರಾಕಿಯು ಬೇಡವೆಂದದ್ದಲ್ಲ. ವ್ರತದ ಮಿತಿಯನ್ನು ಮೀರಿದ್ದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳುವಾಗ 'ಅತಿಸಂಗ್ರಹ'ವನ್ನೂ 'ಲೋಭ'ವನ್ನೂ ಎಣಿಸಿದ್ದಾರೆ. ಬೆಲೆ ಏರಲೆಂದು ದಾಸ್ತಾನು ಮಾಡಿ, ಏರದಿದ್ದಾಗ ಹುಳು ಬಿದ್ದ ಜೋಳವನ್ನು ಅನ್ನಸತ್ರಕ್ಕೆ ಕಳುಹಿಸುವವನು ಮೊದಲು ಅತಿಸಂಗ್ರಹದಲ್ಲಿ ತಪ್ಪುತ್ತಾನೆ. ಬಳಿಕ ದಾನದ ಅತಿಚಾರಗಳಲ್ಲೊಂದಾದ 'ಅನಾದರ'ದಲ್ಲಿಯೂ ತಪ್ಪುತ್ತಾನೆ. ಒಂದೇ ಚೀಲದಿಂದ ಎರಡು ದೋಷ!

ಶಾಸನಗಳ ಆ ಪದ್ಧತಿಯನ್ನು ಹೋಲುವ 'ಧರ್ಮಾದಾಯ'ವು ಅಡತಿ ಅಂಗಡಿಗಳಲ್ಲಿ ಬಹುಕಾಲ ನಡೆದುಬಂದಿತು. ಚೀಲಕ್ಕೆ ಇಷ್ಟೆಂದು ಹಿಡಿದು, ಕೀರ್ದಿಯಲ್ಲಿ ಧರ್ಮದ ಖಾತೆಗೆ ಜಮೆ ಮಾಡುತ್ತಿದ್ದರು. ಇದು ವರ್ತಕನ ಆದಾಯವೋ ಅಲ್ಲವೋ ಎಂಬ ವ್ಯಾಜ್ಯವು ಹಾಥರಸದ ಬಿಜಲಿ ಕಾಟನ್ ಮಿಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಧರ್ಮಕ್ಕೆಂದೇ ಗಿರಾಕಿಯಿಂದ ಪಡೆದ ಹಣವು ವ್ಯಾಪಾರದ ಆದಾಯವಲ್ಲವೆಂದು ನ್ಯಾಯಾಲಯವು 1970ರ ದಶಕದ ಅಂತ್ಯದಲ್ಲಿ ತೀರ್ಪಿತ್ತಿತು. ಈ ಪದ್ಧತಿಗೆ ಇನ್ನೊಂದು ಮುಖವೂ ಉಂಟು. ಪೇಟೆಗಳಲ್ಲಿ ರೈತನ ಪಟ್ಟಿಯಿಂದ ಧರ್ಮದ ಹೆಸರಿನಲ್ಲಿ ಮುರಿದುಕೊಳ್ಳುವ ಹಣದ ಬಗೆಗೆ 1928ರ ರಾಯಲ್ ಕೃಷಿ ಆಯೋಗವೇ ಆಕ್ಷೇಪವನ್ನು ದಾಖಲಿಸಿದೆ. ರೈತನ ಹಣದಲ್ಲಿ ಛತ್ರ ಕಟ್ಟಿ ಹೆಸರನ್ನು ಮಾತ್ರ ತನ್ನದಾಗಿ ಬರೆಸಿದವನನ್ನು ದಾನಿಯೆಂದು ಕರೆಯುವುದು ಕಷ್ಟ. 1204ರ ವರ್ತಕನು ಕೊಟ್ಟದ್ದು ತನ್ನ ಹೇರಿನಿಂದ.

ಈಚಿನ ದಿನಗಳಲ್ಲಿ ಅಂಗಡಿಯ ಬಟ್ಟೆ, ಧಾನ್ಯ, ಔಷಧಿಗಳು ಆಶ್ರಮಗಳಿಗೂ ವಿದ್ಯಾರ್ಥಿನಿಲಯಗಳಿಗೂ ಹೋಗುತ್ತಿರುವುದು ಸಂತೋಷದ ಸಂಗತಿ. ಅವಧಿ ಮುಗಿಯಲು ವಾರವಿರುವ ಔಷಧಿಯ ಪೆಟ್ಟಿಗೆಯನ್ನು ಔಷಧದಾನವೆನ್ನಬಹುದೇ ಎಂಬುದನ್ನು ಕೊಡುವವರೇ ವಿಚಾರಿಸಬೇಕು. ಒಳ್ಳೆಯ ಸರಕನ್ನೇ ಕೊಡುವವನಿಗೂ ಅಡಚಣೆ ತಪ್ಪಿದ್ದಲ್ಲ. 2017ರಲ್ಲಿ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯ ಕಾಯಿದೆಯು ಉಚಿತವಾಗಿ ಕೊಟ್ಟ ಸರಕನ್ನು ಕಳವಾದ, ನಾಶವಾದ ಸರಕಿನ ಸಾಲಿನಲ್ಲಿಯೇ ಇರಿಸಿದೆ. ಅದರ ಖರೀದಿಯ ಮೇಲೆ ತೆತ್ತ ತೆರಿಗೆಯ ಜಮೆ ವರ್ತಕನಿಗೆ ದೊರೆಯುವುದಿಲ್ಲ. ಶಾಸನಗಳ ಕಾಲದಲ್ಲಾದರೋ, ಧರ್ಮಕ್ಕೆ ಸಲ್ಲುವ ಹೇರುಗಳ ಮೇಲಿನ ಸುಂಕವನ್ನು ಸುಂಕದ ಅಧಿಕಾರಿಗಳೇ ಮನ್ನಿಸಿ, ಅದನ್ನೂ ಕಲ್ಲಿನಲ್ಲಿ ಬರೆಸಿದ ನಿದರ್ಶನಗಳಿವೆ.