ಕೂಲಿಮಠದ ಪಾಠಕ್ರಮ

ಒಂದೇ ಮನೆಯ ಮಕ್ಕಳಲ್ಲಿಯೂ ಬುದ್ಧಿಯ ನಡೆಯು ಒಂದೇ ತೆರನಾಗಿರುವುದಿಲ್ಲವೆಂಬುದು ತಾಯಿತಂದೆಗಳೆಲ್ಲರೂ ಬಲ್ಲ ಮಾತು. ಒಬ್ಬನು ಕೇಳಿದ್ದನ್ನು ಒಡನೆಯೇ ಒಪ್ಪಿಸುವನು. ಒಬ್ಬನಿಗೆ ಕೈಯಿಂದ ತಿದ್ದಿದ ಹೊರತು ಯಾವುದೂ ಮನಸ್ಸಿನಲ್ಲಿ ನಿಲ್ಲದು. ಮತ್ತೊಬ್ಬನು ಗುರುವಿನ ಮುಂದೆ ಬೆಪ್ಪಾಗಿ ನಿಂತರೂ ಜೊತೆಗಾರನು ಹೇಳಿಕೊಟ್ಟರೆ ಸುಲಭವಾಗಿ ತಿಳಿದುಕೊಳ್ಳುವನು. ಇಂತಹ ನಾನಾ ಬಗೆಯ ಮಕ್ಕಳನ್ನು ಒಂದೇ ಸೂರಿನ ಕೆಳಗೆ ಕೂರಿಸಿಕೊಂಡು ಎಲ್ಲರಿಗೂ ವಿದ್ಯೆಯನ್ನು ಮುಟ್ಟಿಸುವುದು ಹೇಗೆಂಬ ಪ್ರಶ್ನೆಯು ಉಪಾಧ್ಯಾಯವೃತ್ತಿಯಷ್ಟೇ ಹಳೆಯದು. ಈ ವಿಷಯದ ಚರ್ಚೆಗಳಲ್ಲಿ ನಮ್ಮ ಹಳೆಯ ಕೂಲಿಮಠಗಳ ಹೆಸರು ಬರುವುದು ಅಪೂರ್ವ. ಬಂದರೂ ಬೆತ್ತ, ಕೋದಂಡ, ಬಾಯಿಪಾಠಗಳೆಂಬ ಮೂರು ಮಾತುಗಳಲ್ಲಿ ಆ ಪ್ರಕರಣವು ಮುಗಿದುಹೋಗುತ್ತದೆ. ಆ ಮೂರೂ ಅಲ್ಲಿ ಇದ್ದುವೆಂಬುದು ನಿಜವೇ. ಆದರೆ ಆ ಮಠಗಳನ್ನು ಬಲ್ಲವರು ಬರೆದಿಟ್ಟ ವೃತ್ತಾಂತಗಳನ್ನು ಪರಿಶೀಲಿಸಿದರೆ, ಅವುಗಳೊಡನೆ ಬೇರೊಂದು ಗುಣವೂ ಅಲ್ಲಿ ನೆಲೆಸಿದ್ದಿತೆಂದು ತೋರುತ್ತದೆ. ಆ ಗುಣವು ಯಾವುದು, ಅದು ಹೇಗೆ ಮರೆಯಾಯಿತು ಎಂಬುದನ್ನು ನಿರೂಪಿಸುವುದೇ ಈ ಲೇಖನದ ಉದ್ದೇಶ.

ಮೊದಲನೆಯ ಸಾಕ್ಷ್ಯವು ನಾಲ್ಕುನೂರು ವರ್ಷಗಳಷ್ಟು ಹಿಂದಿನದು. ಇಟಲಿ ದೇಶದ ಪ್ರವಾಸಿಯಾದ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬವನು 1623ನೆಯ ಇಸವಿಯ ನವಂಬರ್ ತಿಂಗಳಿನಲ್ಲಿ ಪೋರ್ತುಗೀಸರ ರಾಯಭಾರಿಯ ಸಂಗಡ ಇಕ್ಕೇರಿಯ ವೆಂಕಟಪ್ಪನಾಯಕನ ಆಸ್ಥಾನಕ್ಕೆ ಪ್ರಯಾಣಮಾಡಿದನು. ಹೊನ್ನಾವರದಿಂದ ಹೊರಟು ಗೇರುಸೊಪ್ಪೆಯ ಮಾರ್ಗವಾಗಿ ಘಟ್ಟವನ್ನೇರಿದ ಬಳಿಕ ಅಲ್ಲಿನ ಒಂದು ದೇವಾಲಯದ ಜಗುಲಿಯಲ್ಲಿ ನಾಲ್ವರು ಹುಡುಗರು ಲೆಕ್ಕವನ್ನು ಕಲಿಯುತ್ತಿದ್ದುದನ್ನು ಅವನು ಕಂಡನು. ನೆಲದ ಮೇಲೆ ನುಣುಪಾದ ಮರಳನ್ನು ಹರಡಿದ್ದರು. ಒಬ್ಬನು ಪಾಠದ ಒಂದು ಭಾಗವನ್ನು ರಾಗವಾಗಿ ಹೇಳುತ್ತ ಅದೇ ಅಂಕೆಯನ್ನು ಬೆರಳಿನಿಂದ ಮರಳಿನಲ್ಲಿ ಬರೆಯುವನು. ಉಳಿದ ಮೂವರು ಅದನ್ನೇ ಹಾಡಿ, ಅದನ್ನೇ ಬರೆಯುವರು. ನೆಲವೆಲ್ಲ ತುಂಬಿದೊಡನೆ ಅಳಿಸಿ, ಹೊಸ ಮರಳನ್ನು ಎರಚಿ ಮುಂದುವರಿಯುವರು. ಗುರುವು ಅಲ್ಲಿರಲಿಲ್ಲ. ಮರೆತರೆ ತಿದ್ದುವವರು ಯಾರೆಂದು ಪ್ರವಾಸಿಯು ಕೇಳಲು, ನಾಲ್ವರೂ ಒಂದೇ ಸ್ಥಳದಲ್ಲಿ ಮರೆಯುವುದು ಸಂಭವಿಸಲಾರದಾದುದರಿಂದ ತಪ್ಪಿದವನನ್ನು ಉಳಿದವರು ತಿದ್ದುವರೆಂದು ಹುಡುಗರು ಉತ್ತರಕೊಟ್ಟರು. ಈ ಕ್ರಮವು ಅಂದವಾದುದೆಂದೂ ಸುಲಭವಾದುದೆಂದೂ ಆ ವಿದೇಶೀಯನು ಮೆಚ್ಚಿ ಬರೆದಿದ್ದಾನೆ. ಕಂಠ, ಕಿವಿ, ಕಣ್ಣು, ಬೆರಳು ಈ ನಾಲ್ಕೂ ಒಂದೇ ಪಾಠದಲ್ಲಿ ಕೆಲಸಮಾಡುತ್ತಿದ್ದುದನ್ನು ವಾಚಕರು ಗಮನಿಸಬೇಕು. ಕೇಳಿ ಕಲಿಯುವವನಿಗೂ ಬರೆದು ಕಲಿಯುವವನಿಗೂ ಆ ಜಗುಲಿಯಲ್ಲಿ ಸ್ಥಳವಿದ್ದಿತು.

ಎರಡನೆಯ ಸಾಕ್ಷ್ಯವು ಇದಕ್ಕಿಂತ ವಿಸ್ತಾರವಾದುದು. 1822ನೆಯ ಇಸವಿಯಲ್ಲಿ ಮದರಾಸಿನ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋ ಎಂಬವನು ಆ ಪ್ರಾಂತದ ದೇಶೀಯ ಶಾಲೆಗಳನ್ನು ಎಣಿಸಿ ವರದಿಮಾಡಬೇಕೆಂದು ಎಲ್ಲ ಕಲೆಕ್ಟರರಿಗೂ ಆಜ್ಞಾಪಿಸಿದನು. ಬಳ್ಳಾರಿಯ ಕಲೆಕ್ಟರನಾದ ಎ. ಡಿ. ಕ್ಯಾಂಬೆಲ್ ಎಂಬವನು 1823ನೆಯ ಆಗಸ್ಟ್ ತಿಂಗಳಿನಲ್ಲಿ ತನ್ನ ವರದಿಯನ್ನು ಕಳುಹಿಸಿದನು. ಇವನು ತೆಲುಗು ಭಾಷೆಗೆ ವ್ಯಾಕರಣವನ್ನು ಬರೆದ ವಿದ್ವಾಂಸ. ಅನೇಕ ಕಲೆಕ್ಟರರು ಅಂಕಿಗಳನ್ನಷ್ಟೇ ತುಂಬಿ ಕಳುಹಿಸಿದರೆ, ಇವನು ಮಠದಲ್ಲಿ ಮುಂಜಾನೆಯಿಂದ ಏನೇನು ನಡೆಯುವುದೆಂಬುದನ್ನು ಕೂಡ ವಿವರಿಸಿದನು.

ಆಗಿನ ಬಳ್ಳಾರಿ ಜಿಲ್ಲೆಯಲ್ಲಿ ಅನಂತಪುರದ ಸೀಮೆಯೂ ಸೇರಿತ್ತು. ಜನಸಂಖ್ಯೆ 9,27,857, ಶಾಲೆಗಳು 533, ವಿದ್ಯಾರ್ಥಿಗಳು 6,641. ಶಾಲೆಗಳಲ್ಲಿ ಕನ್ನಡದವು 235, ತೆಲುಗಿನವು 226; ಉಳಿದವು ಮರಾಠಿ, ಸಂಸ್ಕೃತ, ಪಾರಸಿ, ತಮಿಳು ಶಾಲೆಗಳು; ಇಂಗ್ಲಿಷಿನದು ಒಂದೇ ಒಂದು. ಲೆಕ್ಕಹಾಕಿದರೆ ಮಠವೊಂದಕ್ಕೆ ಸರಾಸರಿ ಹನ್ನೆರಡು ಮಕ್ಕಳಾಗುತ್ತವೆ. ಈ ಹನ್ನೆರಡೆಂಬ ಸಂಖ್ಯೆಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ. ಮುಂದೆ ಹೇಳತಕ್ಕ ವಿಷಯಕ್ಕೆಲ್ಲ ಅದೇ ಬುನಾದಿ.

ಮಗುವಿಗೆ ಐದು ವರ್ಷ ತುಂಬಿದಾಗ ಗಣಪತಿಯ ಪೂಜೆಮಾಡಿ, ಅಕ್ಕಿಯಲ್ಲಿ ಬೆರಳಿನಿಂದ ಬರೆಯಿಸಿ ಅಕ್ಷರಾಭ್ಯಾಸವನ್ನು ನಡೆಸುತ್ತಿದ್ದರು. ಮಠವು ಬೆಳಗಿನ ಆರು ಗಂಟೆಗೆ ಆರಂಭವಾಗುತ್ತಿತ್ತು. ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುವರು. ಎರಡನೆಯವನಿಗೆ ಸೊನ್ನೆ, ಎಂದರೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಒಂದು ಪೆಟ್ಟು, ನಾಲ್ಕನೆಯವನಿಗೆ ಎರಡು. ಹೀಗೆಯೇ ಏರುತ್ತ ಹೋಗುವುದು. ಎಲ್ಲರೂ ಕುಳಿತ ಬಳಿಕ ಅವರವರ ತಿಳಿವಳಿಕೆಗೆ ತಕ್ಕಂತೆ ಸಾಮಾನ್ಯವಾಗಿ ನಾಲ್ಕು ಪಂಕ್ತಿಗಳನ್ನಾಗಿ ವಿಂಗಡಿಸುತ್ತಿದ್ದರು. ಕೆಳಗಿನ ಪಂಕ್ತಿಗಳನ್ನು ಮುಂದುವರಿದ ಹುಡುಗರು ನೋಡಿಕೊಳ್ಳುವರು. ಮೇಲಿನವರಿಗೆ ಗುರುವೇ ಪಾಠ ಹೇಳುವನು. ಆದರೆ ಅವನ ಕಣ್ಣು ಮಾತ್ರ ಮಠದ ಮೇಲೆಲ್ಲ ಇರುವುದು. ಪಂಕ್ತಿಯ ನಿರ್ಣಯವು ವಯಸ್ಸಿನಿಂದ ಆಗುತ್ತಿರಲಿಲ್ಲ, ಕಲಿತ ಪಾಠದಿಂದ ಆಗುತ್ತಿತ್ತು.

ಇನ್ನು ಉಪಕರಣಗಳನ್ನು ನೋಡೋಣ. ಮೊದಲು ಮರಳು. ಅಕ್ಷರದ ಹೆಸರನ್ನು ಬಾಯಿಪಾಠಮಾಡಿ ಅನಂತರ ಬರೆಯುವುದು ಯುರೋಪಿಯನರ ಪದ್ಧತಿ. ಇಲ್ಲಿ ಬೆರಳಿನಿಂದ ತಿದ್ದುತ್ತಲೇ ಅಕ್ಷರವನ್ನು ಅರಿಯುತ್ತಿದ್ದರು. ಕೈ ಕುದುರಿದ ಮೇಲೆ ಹಲಗೆ ಇಲ್ಲವೆ ಕಡತ. ಹಲಗೆಯೆಂದರೆ ಸುಮಾರು ಮೂರು ಅಡಿ ಉದ್ದ, ಒಂದು ಅಡಿ ಅಗಲದ ಮಣೆಗೆ ಅನ್ನವನ್ನೂ ಇದ್ದಲ ಪುಡಿಯನ್ನೂ ಬಳಿದುದು. ಕಡತವೆಂದರೆ ಗಂಜಿಹಾಕಿದ ಬಟ್ಟೆಯನ್ನು ಪುಸ್ತಕದಂತೆ ಮಡಿಸಿ, ಇದ್ದಲು ಅಂಟುಗಳ ಲೇಪಕೊಟ್ಟುದು. ಎರಡರ ಮೇಲೆಯೂ ಬಳಪದಿಂದ ಬರೆದು ಒದ್ದೆಬಟ್ಟೆಯಿಂದ ಅಳಿಸಬಹುದು. ಆಮೇಲೆ ಓಲೆಗರಿ, ಕಬ್ಬಿಣದ ಕಂಟ. ಕೊನೆಗೆ ಕಾಗದ, ಲೆಕ್ಕಣಿಕೆ. ತಪ್ಪು ಹೆಚ್ಚಾಗುವ ಕಾಲಕ್ಕೆ ಸುಲಭವಾಗಿ ಅಳಿಯುವ ಮರಳು. ತಪ್ಪು ಕಡಿಮೆಯಾದ ಕಾಲಕ್ಕೆ ಅಳಿಯದಿರುವ ಓಲೆ. ಬಡತನದಿಂದ ಹುಟ್ಟಿದ ಈ ಮಿತವ್ಯಯದಲ್ಲಿ ಬಾಲಕರ ಮನಸ್ಸನ್ನು ಬಲ್ಲ ವಿವೇಕವೂ ಬೆರೆತಿದ್ದಿತು.

ಲೆಕ್ಕವನ್ನು ಕಲಿಸುವ ಕ್ರಮವು ಬೇರೆ. ಕಾಲು, ವೀಸ, ಕಾಣಿ ಎಂದು ನಾಲ್ಕು ನಾಲ್ಕು ಪಾಲಾಗಿ ಇಳಿಯುತ್ತ ಹೋಗುವ ಭಿನ್ನಗಳನ್ನೂ, ಮಗ್ಗಿಗಳನ್ನೂ, ಅಳತೆ ತೂಕಗಳನ್ನೂ ದಿನಕ್ಕೆ ಎರಡು ಸಾರಿ ಸಾಲಾಗಿ ನಿಂತು ಒಬ್ಬ ಹಿರಿಯ ಹುಡುಗನ ಹಿಂದೆ ಎಲ್ಲರೂ ಹೇಳುವರು. ಬರಹವು ಒಬ್ಬೊಬ್ಬನ ಕೆಲಸ. ಮಗ್ಗಿಯು ಎಲ್ಲರೂ ಕೂಡಿಮಾಡುವ ಕೆಲಸ. ಇವಲ್ಲದೆ ಊರುಗಳ, ಮನುಷ್ಯರ, ಪ್ರಾಣಿಗಳ ಹೆಸರುಗಳನ್ನು ಬರೆಯುವುದು, ಕರಾರುಪತ್ರಗಳನ್ನು ರಚಿಸುವುದು, ಗುರುವು ನಾನಾ ಕಡೆಗಳಿಂದ ಕೂಡಿಸಿಟ್ಟ ಹಳೆಯ ಕಾಗದಪತ್ರಗಳಲ್ಲಿನ ಬಗೆಬಗೆಯ ಕೈಬರಹಗಳನ್ನು ಓದುವುದು, ಇವೆಲ್ಲ ಪಾಠದ ಭಾಗಗಳೇ ಆಗಿದ್ದುವು. ನಾಳೆ ಶಾನುಭೋಗನಾಗುವವನಿಗೂ ಅಂಗಡಿಯಲ್ಲಿ ಕೂರುವವನಿಗೂ ಇದರ ಪ್ರಯೋಜನವು ಸ್ಪಷ್ಟವಾಗಿದ್ದಿತು.

ಓದುವ ಗ್ರಂಥಗಳಲ್ಲಿಯೂ ಏಕರೂಪತೆಯಿರಲಿಲ್ಲ. ರಾಮಾಯಣ, ಭಾರತ, ಭಾಗವತಗಳು ಹಲವರಿಗೆ, ಕುಶಲಕರ್ಮಿಗಳ ಮಕ್ಕಳಿಗೆ ವಿಶ್ವಕರ್ಮಪುರಾಣ ಮುಂತಾದುವು, ಲಿಂಗವಂತರ ಮಕ್ಕಳಿಗೆ ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಚೆನ್ನಬಸವಪುರಾಣಗಳು, ವಿನೋದಕ್ಕೆ ಪಂಚತಂತ್ರ, ಮುಂದುವರಿದವರಿಗೆ ಅಮರಕೋಶ, ಶಬ್ದಮಣಿದರ್ಪಣ. ಮನೆಯಲ್ಲಿ ಅಜ್ಜಿಯ ಬಾಯಿಂದ ಕೇಳಿದ ಕಥೆಯನ್ನೇ ಮಠದ ಓಲೆಯಲ್ಲಿ ಕಂಡ ಮಗುವಿಗೆ ಅಕ್ಷರವು ಪರಕೀಯವಾಗಿ ತೋರದೆಂದು ನಾವು ಊಹಿಸಬಹುದು. ಆ ವರ್ಷದ ವಿದ್ಯಾರ್ಥಿಗಳಲ್ಲಿ ಬ್ರಾಹ್ಮಣ ಬಾಲಕರು 1,185, ವೈಶ್ಯರು 981, ಶೂದ್ರರು 2,998, ಇತರ ಜಾತಿಯವರು 1,174 ಮಂದಿ ಇದ್ದರೆಂಬುದನ್ನು ನೋಡಿದರೆ, ಮಠವು ಒಂದೇ ಕುಲದ ಸೊತ್ತಾಗಿರಲಿಲ್ಲವೆಂಬುದೂ ತಿಳಿಯುತ್ತದೆ.

ಹೀಗೆಂದ ಮಾತ್ರಕ್ಕೆ ಹಳೆಯದೆಲ್ಲ ಹೊನ್ನೆಂದು ಹೇಳಲಾಗದು. ಕ್ಯಾಂಬೆಲನೇ ಅದರ ದೋಷಗಳನ್ನು ಮುಚ್ಚಿಡದೆ ತೋರಿಸಿದ್ದಾನೆ. ಹಳೆಯ ಕಾವ್ಯಗಳ ಭಾಷೆಯು ಆಡುಮಾತಿಗೆ ದೂರವಾದುದರಿಂದ ಹುಡುಗನಿಗೆ ಹಾಗಿರಲಿ, ಎಷ್ಟೋ ವೇಳೆ ಗುರುವಿಗೂ ಅರ್ಥವು ತಿಳಿಯದು; ಪದ್ಯಗಳು ಗಿಳಿಯ ಮಾತಿನಂತೆ ಬಾಯಿಂದ ಹೊರಡುತ್ತಿದ್ದುವು. ಎರಡು ಕೈಗಳನ್ನೂ ಕಟ್ಟಿ ಮೇಲ್ಛಾವಣಿಗೆ ತೂಗಹಾಕುವ ಶಿಕ್ಷೆಯೂ ಇದ್ದಿತು. ಎಲ್ಲಕ್ಕಿಂತ ಶೋಚನೀಯವಾದುದು ಮತ್ತೊಂದು. 6,641 ವಿದ್ಯಾರ್ಥಿಗಳಲ್ಲಿ ಹೆಣ್ಣುಮಕ್ಕಳು 60 ಮಾತ್ರ. ಒಟ್ಟು ಜನಸಂಖ್ಯೆಯಲ್ಲಿ ಸಾವಿರಕ್ಕೆ ಏಳರಷ್ಟು ಮಂದಿ ಮಾತ್ರ ಮಠದಲ್ಲಿದ್ದರು. ದೇಶೀಯ ನೇಯ್ಗೆಯು ವಿಲಾಯತಿ ಬಟ್ಟೆಯಿಂದ ಕೆಟ್ಟು, ದೇಶದ ಹಣವು ಹೊರಗೆ ಹರಿದು, ಜನರು ಬಡವರಾದರೆಂದೂ, ಎಳೆಯ ಮಕ್ಕಳ ಕೈಗೆ ಶಕ್ತಿ ಬಂದೊಡನೆ ಅವರನ್ನು ದುಡಿಮೆಗೆ ಹಚ್ಚದೆ ಗತಿಯಿಲ್ಲವೆಂದೂ, ಮೊದಲು ಮಠಗಳಿದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಇಲ್ಲವೆಂದೂ ಕಂಪನಿಯ ಸೇವಕನಾಗಿದ್ದೂ ಅವನು ಬರೆದನು. ಒಳಗೆ ಬಂದ ಮಗುವಿಗೆ ಆ ಮಠದಲ್ಲಿ ನಾಲ್ಕು ದಾರಿಗಳಿದ್ದುವು. ಬಾಗಿಲು ಮಾತ್ರ ಬಹಳ ಕಿರಿದಾಗಿದ್ದಿತು.

ಮುಂದುವರಿದ ಹುಡುಗನು ಹಿಂದುಳಿದವನಿಗೆ ಹೇಳಿಕೊಡುವುದರಿಂದ ಅವನ ವಿದ್ಯೆಯೂ ಗಟ್ಟಿಯಾಗುವುದೆಂದೂ, ಈ ಕ್ರಮವನ್ನು ಇಂಗ್ಲೆಂಡಿನವರು ಅನುಸರಿಸಿದುದು ಯುಕ್ತವೇ ಎಂದೂ ಕ್ಯಾಂಬೆಲನು ಹೇಳಿದ್ದಾನೆ. ಇಲ್ಲಿ ಅವನು ಸೂಚಿಸುವುದು ಆಂಡ್ರೂ ಬೆಲ್ ಎಂಬ ಪಾದ್ರಿಯ ಪ್ರಯೋಗವನ್ನು. ಸ್ಕಾಟ್ಲೆಂಡಿನವನಾದ ಬೆಲ್ 1789ರಲ್ಲಿ ಮದರಾಸಿನ ಎಗ್ಮೂರಿನಲ್ಲಿದ್ದ ಅನಾಥಬಾಲಕರ ಆಶ್ರಮದ ಮೇಲ್ವಿಚಾರಕನಾದನು. ಒಂದು ದೇಶೀಯ ಶಾಲೆಯ ಮಕ್ಕಳು ಮರಳಿನಲ್ಲಿ ಬರೆಯುತ್ತಿದ್ದುದನ್ನು ಕಂಡು ತನ್ನ ಆಶ್ರಮದಲ್ಲಿಯೂ ಹಾಗೆಯೇ ಮಾಡಿಸಬೇಕೆಂದು ಅವನು ಬಯಸಿದಾಗ ಉಪಾಧ್ಯಾಯರು ಮನಸ್ಸುಕೊಡಲಿಲ್ಲ. ಆಗ ಅವನು ಒಬ್ಬ ಬಾಲಕನಿಗೇ ಆ ಕೆಲಸವನ್ನು ಒಪ್ಪಿಸಿದನು, ಅದು ಸಫಲವಾಯಿತು. ಮರಳನ್ನು ಅವನು ಇಲ್ಲಿಂದ ಪಡೆದನೆಂಬುದರಲ್ಲಿ ವಿವಾದವಿಲ್ಲ. ಬಾಲಕರಿಂದ ಬಾಲಕರಿಗೆ ಪಾಠ ಹೇಳಿಸುವುದನ್ನು ಅವನು ತನ್ನ ಸ್ವಂತ ಕಲ್ಪನೆಯೆಂದು ಸಾಧಿಸಿದನು. 1797ರಲ್ಲಿ ಇಂಗ್ಲೆಂಡಿನಲ್ಲಿ ಅವನ ಪುಸ್ತಕವು ಪ್ರಕಟವಾಯಿತು. ಮರುವರ್ಷ ಜೋಸೆಫ್ ಲ್ಯಾಂಕಾಸ್ಟರ್ ಎಂಬವನು ಲಂಡನ್ನಿನಲ್ಲಿ ಶಾಲೆಯನ್ನು ತೆರೆದು ಅದೇ ಬಗೆಯ ಕ್ರಮವನ್ನು ಬೆಳೆಸಿದನು. ಅದಕ್ಕೆ ಮದರಾಸ್ ಪದ್ಧತಿಯೆಂಬ ಹೆಸರೂ ಬಂದಿತು.

ಆದರೆ ಕಡಲನ್ನು ದಾಟುವಾಗ ಆ ಪದ್ಧತಿಯ ಸ್ವಭಾವವೇ ಬದಲಾಯಿತು. ಇಂಗ್ಲೆಂಡಿನ ಕೈಗಾರಿಕೆಯ ಪಟ್ಟಣಗಳಲ್ಲಿ ಬಡಮಕ್ಕಳು ಅಸಂಖ್ಯಾತರು, ಉಪಾಧ್ಯಾಯರು ವಿರಳರು, ಹಣವು ಅಲ್ಪ. ಆದುದರಿಂದ ಆ ಜನರು ಮೆಚ್ಚಿ ಹಿಡಿದುಕೊಂಡದ್ದು ಒಬ್ಬ ಗುರುವಿನಿಂದ ನೂರಾರು ಮಕ್ಕಳನ್ನು ನಡೆಯಿಸಬಹುದೆಂಬ ಮಿತವ್ಯಯವನ್ನು. ಸಾಲುಸಾಲಾಗಿ ಕುಳಿತ ಮಕ್ಕಳು ಸಿಪಾಯಿಗಳಂತೆ ಸನ್ನೆಗೆ ಎದ್ದು, ಸನ್ನೆಗೆ ಕುಳಿತು, ಬಾಲಗುರುವಿನ ಬಾಯಿಂದ ಒಂದೇ ಪಾಠವನ್ನು ಕೇಳಿದರು. ಹನ್ನೆರಡು ಮಕ್ಕಳ ಮಠದಲ್ಲಿ ಜೊತೆಗಾರನ ನೆರವು ಗುರುವಿನ ಕಣ್ಣಿಗೆ ಪೂರಕವಾಗಿದ್ದಿತು. ನೂರಾರು ಮಕ್ಕಳ ಶಾಲೆಯಲ್ಲಿ ಅದು ಗುರುವಿನ ಕಣ್ಣಿಗೆ ಬದಲಾಗಿ ನಿಂತಿತು. ಹತ್ತೊಂಬತ್ತನೆಯ ಶತಮಾನದ ಮಧ್ಯಕಾಲಕ್ಕೆ ಇಂಗ್ಲೆಂಡಿನಲ್ಲಿಯೇ ಅದು ಹಿಂದೆ ಸರಿಯಿತು.

ನಮ್ಮ ದೇಶದಲ್ಲಿ 1854ರ ಶಿಕ್ಷಣಪತ್ರದ ತರುವಾಯ ಸರ್ಕಾರದ ಇಲಾಖೆಗಳು ಏರ್ಪಟ್ಟುವು. ಮೈಸೂರು ಸೀಮೆಯಲ್ಲಿ 1868ರಲ್ಲಿ ಹೋಬಳಿ ಶಾಲೆಗಳ ಯೋಜನೆಯು ಆರಂಭವಾಯಿತು. ಇವುಗಳಿಂದ ಆದ ಉಪಕಾರವು ಮಹತ್ತರವಾದುದು. ಮಠದ ಹೊಸ್ತಿಲನ್ನು ತುಳಿಯಲಾರದಿದ್ದ ಮಕ್ಕಳಿಗೆ, ಮುಖ್ಯವಾಗಿ ಹೆಣ್ಣುಮಕ್ಕಳಿಗೆ, ಕ್ರಮೇಣ ಬಾಗಿಲು ತೆರೆಯಿತು. ಆದರೆ ಅದರೊಡನೆ ವಯಸ್ಸಿಗೊಂದು ತರಗತಿ, ತರಗತಿಗೊಂದು ಪುಸ್ತಕ, ವರ್ಷಕ್ಕೊಂದು ಪರೀಕ್ಷೆ ಎಂಬ ಕಟ್ಟಳೆಯೂ ಬಂದಿತು. ಮದರಾಸ್ ಪ್ರಾಂತದಲ್ಲಿ 1860ರ ದಶಕದಿಂದ ಪರೀಕ್ಷೆಯ ಫಲವನ್ನು ನೋಡಿ ಶಾಲೆಗಳಿಗೆ ಸಹಾಯಧನವನ್ನು ಕೊಡುವ ಪದ್ಧತಿಯು ನಡೆದಾಗ, ಗೊತ್ತಾದ ದಿನದಲ್ಲಿ ಗೊತ್ತಾದ ಪಾಠವನ್ನು ಒಪ್ಪಿಸಲಾರದ ಮಗುವು ಗುರುವಿನ ಆದಾಯಕ್ಕೇ ನಷ್ಟವೆನಿಸಿತು. ನಿಧಾನವಾಗಿ ಕಲಿಯುವವನು ಹಿಂದೆ ಕೆಳಗಿನ ಪಂಕ್ತಿಯಲ್ಲಿ ಇನ್ನಷ್ಟು ಕಾಲ ಮರಳಿನಲ್ಲಿ ತಿದ್ದುತ್ತಿದ್ದನು. ಈಗ ಅವನಿಗೆ ನಪಾಸಾದವನೆಂಬ ಹೆಸರು ಅಂಟಿಕೊಂಡಿತು.

ಈ ಕಥೆಗೆ ನಮ್ಮ ಕಾಲದ ಒಂದು ಪ್ರಕರಣವನ್ನು ಸೇರಿಸಬೇಕು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಯುನಿಸೆಫ್ ಸಂಸ್ಥೆಯ ನೆರವಿನಿಂದ ‘ನಲಿ-ಕಲಿ’ ಎಂಬ ಕ್ರಮವು ಆರಂಭವಾಯಿತು. ಇದಕ್ಕೆ ಮಾದರಿಯಾದುವು ರಿಷಿವ್ಯಾಲಿಯ ಗ್ರಾಮಶಾಲೆಗಳು. ಇಲ್ಲಿ ಪಾಠವನ್ನು ಏಣಿಯ ಮೆಟ್ಟಿಲುಗಳಂತೆ ವಿಭಾಗಿಸಿ, ಒಂದೊಂದು ಮೆಟ್ಟಿಲಿಗೂ ಕಾರ್ಡುಗಳನ್ನು ರಚಿಸಿದರು. ಮಕ್ಕಳು ತಂಡಗಳಾಗಿ ನೆಲದ ಮೇಲೆ ಕುಳಿತು, ಕೆಲವರು ಗುರುವಿನ ಸಹಾಯದಿಂದ, ಕೆಲವರು ಜೊತೆಗಾರರ ಸಹಾಯದಿಂದ, ಕೆಲವರು ತಾವೇ ತಾವಾಗಿ ಮುಂದುವರಿಯುವರು. ಹಾಡು, ಆಟ, ಚಿತ್ರ, ಬರಹ ಎಲ್ಲಕ್ಕೂ ಎಡೆಯುಂಟು. ರಜೆಮಾಡಿದ ಮಗುವು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತಬಹುದು. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲೆರಡು ತರಗತಿಗಳಿಗೆ ಇದನ್ನು ವಿಸ್ತರಿಸಿದರು. ಇದನ್ನು ರಚಿಸಿದವರು ಕ್ಯಾಂಬೆಲನ ವರದಿಯನ್ನು ನೋಡಿ ರಚಿಸಿದರೆಂದು ಹೇಳುವಂತಿಲ್ಲ. ಆದರೂ ಘಟ್ಟದ ಜಗುಲಿಯ ನಾಲ್ವರು ಹುಡುಗರಿಗೂ, ಬಳ್ಳಾರಿಯ ನಾಲ್ಕು ಪಂಕ್ತಿಗಳಿಗೂ ಇದಕ್ಕೂ ಇರುವ ಹೋಲಿಕೆಯು ಯಾರಿಗಾದರೂ ಕಾಣುವಂತಹುದು.

ಇಷ್ಟರಿಂದ ತಿಳಿಯತಕ್ಕ ನೀತಿಯು ಒಂದುಂಟು. ಮರಳು, ಕಡತ, ಹಾಡು, ಕಾರ್ಡು, ಜೊತೆಗಾರನ ನೆರವು ಇವು ಯಾವುವೂ ತಾವಾಗಿಯೇ ಫಲಕೊಡತಕ್ಕವಲ್ಲ. ಈ ಮಗುವಿಗೆ ಈ ದಿನ ಯಾವುದು ಬೇಕೆಂದು ಬಲ್ಲ ಗುರುವು ಅವುಗಳ ಹಿಂದೆ ಇರಬೇಕು. ಪ್ರತಿಯೊಂದು ಮಗುವಿನ ಮುಖವನ್ನು ನೋಡುವಷ್ಟು ಅವಕಾಶವು ಆ ಗುರುವಿಗೆ ಇರಬೇಕು. ಎಗ್ಮೂರಿನಿಂದ ಲಂಡನ್ನಿಗೆ ಹೋದ ಸರಕಿನಲ್ಲಿ ಉಪಾಯವಿದ್ದಿತು, ಈ ಅವಕಾಶವಿರಲಿಲ್ಲ. ಆದುದರಿಂದಲೇ ಆ ಉಪಾಯವು ಯಂತ್ರವಾಯಿತು. ಕೂಲಿಮಠವು ಹನ್ನೆರಡು ಮಕ್ಕಳನ್ನು ಬಲ್ಲದಾಗಿದ್ದಿತು, ಹೊರಗೆ ನಿಂತ ಸಾವಿರಾರು ಮಕ್ಕಳನ್ನು ಅರಿಯದಾಗಿದ್ದಿತು. ಆ ಸಾವಿರಾರು ಮಕ್ಕಳನ್ನು ಒಳಗೆ ಕರೆದ ಶಾಲೆಯು ಅವರಲ್ಲಿ ಒಬ್ಬೊಬ್ಬರ ಪರಿಚಯವನ್ನೂ ಮಾಡಿಕೊಂಡ ದಿನವೇ ಎರಡು ಕಾಲಗಳ ಋಣವೂ ತೀರುವುದು. ಶಾಲೆಗೆ ಹಣವೆಷ್ಟು, ಕಟ್ಟಡವೆಷ್ಟು ಎಂದು ವಿಚಾರಿಸುವ ನಾವು, ಒಬ್ಬ ಉಪಾಧ್ಯಾಯನ ಪಾಲಿಗೆ ಮಕ್ಕಳೆಷ್ಟು ಎಂಬುದನ್ನು ಎಲ್ಲಕ್ಕಿಂತ ಮೊದಲು ಕೇಳುವುದು ಯುಕ್ತ.