ಮಳೆಗಾಲದ ಗುಡ್ಡೆ ನಡಿಗೆ: ತರಗೆಲೆಯಡಿಯ ಮಂಡಲದ ಹಾವು

ಪೆರ್ಲ: ಮಳೆ ಹಿಡಿದ ಮೇಲೆ ಎಣ್ಮಕಜೆಯ ಗುಡ್ಡೆಗಳಿಗೆ, ಪೊಸಡಿಗುಂಪೆಗೆ ಹೋಗುವವರು ಹೆಚ್ಚಾಗಿ ಅಂಜುವುದು ಕಾಡುಹಂದಿಗೆ ಮತ್ತು ಕಾಳಿಂಗ ಸರ್ಪಕ್ಕೆ. ಹಂದಿಮರಿಗಳು ಕಂಡರೆ ತಾಯಿ ಹತ್ತಿರದಲ್ಲೇ ಇದೆಯೆಂದು ತಿಳಿದು ಸದ್ದಿಲ್ಲದೆ ಹಿಂದೆ ಸರಿಯಬೇಕು. ಮಲಯಾಳದಲ್ಲಿ ರಾಜವೆಂಬಾಲ ಎನ್ನುವ ಕಾಳಿಂಗ ಸಾಮಾನ್ಯವಾಗಿ ಮನುಷ್ಯರನ್ನು ಕಂಡರೆ ತಾನೇ ಜಾಗ ಬಿಡುತ್ತದೆ. ಉಂಬುಳವನ್ನು ಉಗುರಿನಿಂದ ಮೆಲ್ಲನೆ ಸರಿಸಿ ತೆಗೆದರಾಯಿತು. ನಿಜವಾಗಿ ಎಚ್ಚರ ಬೇಕಾದದ್ದು ತರಗೆಲೆಯಲ್ಲಿ ಅಲ್ಲಾಡದೆ ಬಿದ್ದಿರುವ ಮಂಡಲದ ಹಾವುಗಳ ಬಗ್ಗೆ.

ಕೊಳಕುಮಂಡಲ ತುಳುವಿನಲ್ಲಿ ಕಂದೋಡಿ, ಮಲಯಾಳದಲ್ಲಿ ಅಣಲಿ. ಬೆನ್ನ ಮೇಲೆ ಸರಪಳಿಯಂತೆ ಕಂದು ಮಚ್ಚೆಗಳಿರುತ್ತವೆ. ಹೆಬ್ಬಾವಿನ ಮರಿ ಎಂದು ತಪ್ಪು ತಿಳಿಯುವುದುಂಟು, ಆ ತಪ್ಪು ದುಬಾರಿ. ಕೆರಳಿದರೆ ಕುಕ್ಕರಿನಂತೆ ಜೋರಾಗಿ ಬುಸುಗುಟ್ಟುತ್ತದೆ.

ಇನ್ನೊಂದು, ಮೂಗಿನ ತುದಿ ಮೇಲಕ್ಕೆದ್ದಿರುವ ಸಣ್ಣ ಗುಳಿಮಂಡಲ. ಉದ್ದ ಒಂದೂವರೆ, ಎರಡು ಗೇಣು. ಬಣ್ಣ ಒಣಗಿದ ಎಲೆಯದ್ದೇ. ಇದರ ಕಡಿತ ಅಷ್ಟೇನೂ ಅಪಾಯವಲ್ಲ ಎಂಬ ನಂಬಿಕೆ ಬಹುಕಾಲ ಇತ್ತು. ಇದರಿಂದಲೂ ರಕ್ತ ಹೆಪ್ಪುಗಟ್ಟದೆ, ಮೂತ್ರಪಿಂಡ ಕೆಟ್ಟು ಪ್ರಾಣಾಪಾಯವಾಗಬಹುದೆಂದು ಕೇರಳದ ಪ್ರಕರಣಗಳ ಆಧಾರದಲ್ಲಿ 2007ರಲ್ಲಿ ವೈದ್ಯಕೀಯ ವರದಿ ಪ್ರಕಟವಾಯಿತು. ನಮ್ಮಲ್ಲಿ ಸಿಗುವ ವಿಷನಿರೋಧಕ ಚುಚ್ಚುಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕರ ವಿಷದಿಂದ ತಯಾರಾದದ್ದು. ಗುಳಿಮಂಡಲದ ವಿಷಕ್ಕೆ ಅದು ನಾಟುವುದಿಲ್ಲ. ಆದ್ದರಿಂದ ಡಯಾಲಿಸಿಸ್ ಸೌಲಭ್ಯವಿರುವ ಆಸ್ಪತ್ರೆಯೇ ಗತಿ.

ಹಾವು ಯಾವುದೆಂದು ವೈದ್ಯರಿಗೆ ಗೊತ್ತಾದರೆ ಅನುಕೂಲ. ಹಾಗೆಂದು ಹೊಡೆದು ಒಯ್ಯುವುದು ಬೇಡ. ದೂರದಿಂದ ಮೊಬೈಲಿನಲ್ಲಿ ಒಂದು ಫೋಟೋ ಸಾಕು. ಕಡಿದ ಜಾಗವನ್ನು ಕೊಯ್ಯಬಾರದು, ಚೀಪಬಾರದು, ಹಗ್ಗ ಬಿಗಿಯಬಾರದು. ಉಂಗುರ, ಕಾಲುಂಗುರ ತೆಗೆದು, ಕೈಕಾಲು ಅಲುಗದಂತೆ ಕೋಲು ಕಟ್ಟಿ, ಸಾಧ್ಯವಾದರೆ ಹೊತ್ತುಕೊಂಡೇ ರಸ್ತೆಗೆ ತರಬೇಕು. ಕಡಿದ ಗಂಟೆ ನೆನಪಿರಲಿ. ಮಂತ್ರ, ಮದ್ದು ಎಂದು ಅಲೆಯುವುದರಲ್ಲೇ ಅಮೂಲ್ಯ ಹೊತ್ತು ಕಳೆದುಹೋಗುತ್ತದೆ.

ಚೆರ್ಕಳ-ಕಲ್ಲಡ್ಕ ರಸ್ತೆಯಲ್ಲಿರುವ ಪೆರ್ಲದವರಿಗೆ ಒಂದು ಕಡೆ ಬದಿಯಡ್ಕ, ಕಾಸರಗೋಡು. ಇನ್ನೊಂದು ಕಡೆ ವಿಟ್ಲ, ಪುತ್ತೂರು, ಮಂಗಳೂರು. 2020ರ ಲಾಕ್‌ಡೌನ್‌ನಲ್ಲಿ ಗಡಿ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದ ರೋಗಿಗಳು ಪಟ್ಟ ಪಾಡು ಯಾರೂ ಮರೆತಿಲ್ಲ. ಪೆರ್ಲ-ಬದಿಯಡ್ಕ ನಡುವಿನ ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ 2013ರಲ್ಲೇ ಶಿಲಾನ್ಯಾಸವಾಗಿತ್ತು. ಎಲ್ಲಿ ಚುಚ್ಚುಮದ್ದು ದಾಸ್ತಾನಿದೆ, ಎಲ್ಲಿ ವೆಂಟಿಲೇಟರ್, ಡಯಾಲಿಸಿಸ್ ಇದೆ ಎಂಬುದನ್ನು ಗುಡ್ಡೆ ಹತ್ತುವ ಮೊದಲೇ ವಿಚಾರಿಸಿಟ್ಟುಕೊಳ್ಳಬೇಕು. ಕರ್ನಾಟಕ ಸರಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಮನೆಯಂಗಳಕ್ಕೆ ಬಂದ ಹಾವನ್ನು ಹಿಡಿಸಲು ಕೇರಳ ಅರಣ್ಯ ಇಲಾಖೆಯ ‘ಸರ್ಪ’ ಆ್ಯಪ್ ಇದೆ. ಅದರಲ್ಲಿ ತರಬೇತಿ ಪಡೆದ ಹತ್ತಿರದ ಹಾವು ಹಿಡಿಯುವವರ ಫೋನ್ ನಂಬರ್ ಸಿಗುತ್ತದೆ.