ಸಹಿ ಹಾಕದೇ ಹೋದ ರೈತ

ಹುತಾತ್ಮ ಅಂದ ಕೂಡಲೇ ಜನಜಂಗುಳಿ, ಜೈಕಾರ, ಘೋಷಣೆ ನೆನಪಾಗುತ್ತೆ. ಆದರೆ ಬೆನ್ನು ತಟ್ಟುವವರು ಯಾರೂ ಇಲ್ಲದಾಗ, ತನ್ನ ಧರ್ಮದ ಹಿರಿಯರೇ ಬೇಡ ಅಂದಾಗ ಸಾವಿಗೆ ಸಿದ್ಧನಾಗೋದು ಬೇರೆಯದೇ ಮಾತು. ಫ್ರಾಂಟ್ಸ್ ಯೇಗರ್‌ಸ್ಟೆಟರ್‌ನ ಕಥೆ ಅಂಥದ್ದು.

ಆಸ್ಟ್ರಿಯಾದ ಸೇಂಟ್ ರಾಡೆಗುಂಡ್ ಅನ್ನೋ ಪುಟ್ಟ ಹಳ್ಳಿಯಲ್ಲಿ 1907ರಲ್ಲಿ ಹುಟ್ಟಿದವನು. ಹುಟ್ಟಾ ಸಂತನೇನಲ್ಲ. ಹರೆಯದಲ್ಲಿ ಹೊಡೆದಾಟಕ್ಕೂ ಸೈ, ಊರಿಗೇ ಮೊದಲ ಮೋಟಾರ್ ಬೈಕ್ ತಂದವನು, ಮದುವೆಗೆ ಮುಂಚೆಯೇ ಒಂದು ಹೆಣ್ಣುಮಗುವಿಗೆ ತಂದೆಯಾಗಿದ್ದವನು. 1936ರಲ್ಲಿ ಫ್ರಾನ್ಸಿಸ್ಕಾಳನ್ನು ಮದುವೆಯಾದ. ಮೂವರು ಹೆಣ್ಣುಮಕ್ಕಳಾದರು. ಹೊಲ, ಮನೆ, ಚರ್ಚು... ಇಷ್ಟೇ ಬದುಕು.

1938ರಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ. ಜರ್ಮನಿಗೆ ಸೇರೋದಕ್ಕೆ ಒಪ್ಪಿಗೆಯೇ ಅಂತ ಏಪ್ರಿಲ್‌ನಲ್ಲಿ ಜನಮತ ಕೇಳಿದಾಗ ಇಡೀ ಊರಲ್ಲಿ 'ಇಲ್ಲ' ಅಂದವನು ಇವನೊಬ್ಬನೇ. ಆ ಒಂದು ಮತವನ್ನೂ ಮುಚ್ಚಿಟ್ಟು, ಊರಿಗೆ ಊರೇ ಒಪ್ಪಿದೆ ಅಂತ ಲೆಕ್ಕ ಕೊಟ್ಟರು!

ಸೈನಿಕ ತರಬೇತಿ ಮುಗಿಸಿ 1941ರಲ್ಲಿ ಮನೆಗೆ ಬಂದಿದ್ದ. ಅಷ್ಟರಲ್ಲಿ ಅವನ ಮನಸ್ಸು ಗಟ್ಟಿಯಾಗಿತ್ತು. ಇದು ಅನ್ಯಾಯದ ಯುದ್ಧ, ಇದರಲ್ಲಿ ಕೊಲ್ಲೋದು ಪಾಪ. ಸಲಹೆ ಕೇಳೋಕೆ ಲಿಂಟ್ಸ್‌ನ ಬಿಷಪ್ ಹತ್ತಿರ ಹೋದ. ಹೆಂಡತಿ ಮಕ್ಕಳ ಜವಾಬ್ದಾರಿ ಯೋಚಿಸು, ಯುದ್ಧ ಸರಿಯೋ ತಪ್ಪೋ ಅಂತ ತೀರ್ಮಾನಿಸೋದು ನಿನ್ನ ಕೆಲಸವಲ್ಲ ಅನ್ನೋ ಅರ್ಥದ ಉತ್ತರ ಸಿಕ್ಕಿತು. ಯಾವ ಚರ್ಚಿನ ನಂಬಿಕೆಗಾಗಿ ತಲೆ ಕೊಡೋಕೆ ಹೊರಟಿದ್ದನೋ ಆ ಚರ್ಚಿನಿಂದಲೇ!

1943ರ ಫೆಬ್ರವರಿಯಲ್ಲಿ ಕರೆ ಬಂದಾಗ ಎನ್ಸ್ ಪಟ್ಟಣದ ಸೇನಾ ಶಿಬಿರಕ್ಕೆ ತಾನಾಗೇ ಹೋಗಿ, ಬಂದೂಕು ಹಿಡಿಯೋದಿಲ್ಲ ಅಂದ. ಗಾಯಾಳುಗಳ ಸೇವೆ ಮಾಡ್ತೀನಿ ಅಂದದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೊದಲು ಲಿಂಟ್ಸ್ ಜೈಲು, ಆಮೇಲೆ ಬರ್ಲಿನ್‌ನ ಟೇಗೆಲ್. ಜುಲೈ 6ಕ್ಕೆ ಮರಣದಂಡನೆ. ಇದೇ ಕಾರಣಕ್ಕೆ ಫ್ರಾಂಟ್ಸ್ ರೈನಿಷ್ ಅನ್ನೋ ಪಾದ್ರಿಯೊಬ್ಬರು ಹಿಂದಿನ ವರ್ಷವಷ್ಟೇ ತಲೆ ಕೊಟ್ಟಿದ್ದರು ಅಂತ ಜೈಲಿನಲ್ಲಿ ಗೊತ್ತಾದಾಗ ಅವನಿಗೆ ದೊಡ್ಡ ಸಮಾಧಾನವಾಯಿತಂತೆ. ತಾನೊಬ್ಬನೇ ಅಲ್ಲ ಅಂತ!

ಕೊನೆಯ ದಿನ ಅವನನ್ನು ಕಂಡ ಪಾದ್ರಿ ಯೋಖ್‌ಮನ್ ಮುಂದೆ ನೆನಪಿಸಿಕೊಂಡಂತೆ, ಮೇಜಿನ ಮೇಲೆ ಒಂದು ಕಾಗದವಿತ್ತು. ಸಹಿ ಹಾಕಿದ್ದರೆ ಜೀವ ಉಳಿಯುತ್ತಿತ್ತು. ಅವನು ಅದನ್ನು ಪಕ್ಕಕ್ಕೆ ಸರಿಸಿದ. 1943ರ ಆಗಸ್ಟ್ 9ರಂದು ಬ್ರಾಂಡೆನ್‌ಬರ್ಗ್‌ನಲ್ಲಿ ಅವನ ತಲೆ ಕಡಿದರು. ವಯಸ್ಸು 36.

ಫ್ರಾನ್ಸಿಸ್ಕಾಳ ಬಗ್ಗೆ ಹೇಳದಿದ್ದರೆ ಕಥೆ ಅರ್ಧವೇ. ಮೊದಲು ಬೇಡ ಅಂದವಳು, ಗಂಡ ಒಬ್ಬಂಟಿ ಆಗಬಾರದು ಅಂತ ಅವನ ಜೊತೆ ನಿಂತಳು. ಊರವರ ಚುಚ್ಚುಮಾತು ಕೇಳುತ್ತಲೇ ಹೊಲ ಉತ್ತು ಮಕ್ಕಳನ್ನು ಬೆಳೆಸಿದಳು. ಯುದ್ಧ ಮುಗಿದ ಮೇಲೂ ವಿಧವಾ ವೇತನಕ್ಕೆ 1950ರವರೆಗೆ ಕಾಯಬೇಕಾಯಿತು. 1997ರಲ್ಲಿ ಬರ್ಲಿನ್ ನ್ಯಾಯಾಲಯ ಆ ಶಿಕ್ಷೆಯನ್ನು ರದ್ದು ಮಾಡಿತು. 2007ರ ಅಕ್ಟೋಬರ್ 26ರಂದು ಅದೇ ಲಿಂಟ್ಸ್‌ನಲ್ಲಿ ಚರ್ಚು ಅವನನ್ನು ಹುತಾತ್ಮನೆಂದು ಒಪ್ಪಿ 'ಪುನೀತ' ಪದವಿ ಕೊಟ್ಟಾಗ, 94 ವರ್ಷದ ಆಕೆ ಅಲ್ಲೇ ಕೂತಿದ್ದರು. 2013ರಲ್ಲಿ, ನೂರು ತುಂಬಿದ ಮೇಲೆ ತೀರಿಕೊಂಡರು.

ಅವನ ಸಾವಿನಿಂದ ಯುದ್ಧ ಒಂದು ದಿನವೂ ಮುಂಚೆ ನಿಲ್ಲಲಿಲ್ಲ ಅನ್ನೋದು ನಿಜ. ಮೂವರು ಮಕ್ಕಳು ಅಪ್ಪನಿಲ್ಲದೆ ಬೆಳೆದದ್ದೂ ನಿಜ. ಹಾಗಾದರೆ ಅವನು ಮಾಡಿದ್ದು ಸರಿಯಾ? ನನ್ನಿಂದಂತೂ ಆಗುತ್ತಿರಲಿಲ್ಲ. ಆದರೆ ಎಲ್ಲರೂ ಹೂಂ ಅನ್ನುವಾಗ ಊಹೂಂ ಅನ್ನೋಕೆ ಒಬ್ಬ ಸಾಮಾನ್ಯ ರೈತನಿಗೂ ಸಾಧ್ಯ ಅನ್ನೋದಕ್ಕೆ ಅವನೊಬ್ಬ ಸಾಕ್ಷಿಯಾಗಿ ಉಳಿದ. ನಿಮಗೇನನ್ನಿಸುತ್ತೆ?